ಬಿಚ್ಚಿಟ್ಟ ಪದ್ಮಿನಿ, ಎರಡು ಮಳೆಗಾಲ, ಒಂದು ಬಕೆಟ್ ಬೋಲ್ಟು: ಮುಂದೇನು?

ಪೋರ್ಟಿಕೊ_ಪದ್ಮಿನಿ, ಸಾಗರ (ಜೂನ್ 8)

ನಮಸ್ಕಾರ. ಇಲ್ಲಿ ಮೂರು ವರ್ಷದಿಂದ ಸುಮ್ನೆ ಓದಿಕೊಂಡಿದ್ದೆ. ಇವತ್ತು ಬೇರೆ ದಾರಿ ಕಾಣದೆ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ 1978ರ ಪ್ರೀಮಿಯರ್ ಪದ್ಮಿನಿ ಕಾರು ಇದೆ. ಇದೆ ಅನ್ನುವುದಕ್ಕಿಂತ ಅದರ ತುಂಡುಗಳಿವೆ ಅನ್ನಬೇಕು. ಎರಡು ವರ್ಷದ ಹಿಂದೆ ದಸರಾ ರಜೆಯಲ್ಲಿ ಹುರುಪು ಬಂತು. ನಾಲ್ಕು ವಿಡಿಯೊ ನೋಡಿ, ಒಂದು ಸ್ಪಾನರ್ ಸೆಟ್ ತಂದು, ಒಂಬತ್ತು ದಿನದಲ್ಲಿ ಬಿಚ್ಚಬಹುದಾದದ್ದನ್ನೆಲ್ಲ ಬಿಚ್ಚಿದೆ. ಬಂಪರ್, ಗ್ರಿಲ್, ಸೀಟು, ಡ್ಯಾಶ್‌ಬೋರ್ಡ್, ಬಾಗಿಲು, ಇಂಜಿನ್ನು. ಬೋಲ್ಟುಗಳನ್ನೆಲ್ಲ ಒಂದು ಪೇಂಟ್ ಬಕೆಟ್ಟಿಗೆ ಹಾಕಿದೆ. ಹೌದು, ಒಂದೇ ಬಕೆಟ್ಟಿಗೆ. ಬೈಯುವವರು ಈಗಲೇ ಬೈದುಬಿಡಿ.

ರಜೆ ಮುಗಿಯಿತು. ಎರಡು ಮಳೆಗಾಲ ಕಳೆದು ಮೂರನೆಯದು ಶುರುವಾಗಿದೆ. ಪೋರ್ಟಿಕೊಗೆ ಶೀಟ್ ಹಾಕಿಸಿದ್ದೇನೆ, ಆದರೆ ನಮ್ಮೂರ ಮಳೆ ಮೇಲಿನಿಂದ ಮಾತ್ರ ಬರುವುದಿಲ್ಲ. ಕಾರಿನ ನೆಲದ ತಗಡಿನಲ್ಲಿ ಕೈ ತೂರುವಷ್ಟು ತೂತು. ಎಡಗಡೆ ಬಾಗಿಲ ಕೆಳಗಿನ ಸಿಲ್ಲು ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಇಂಜಿನ್ ಜಾಮ್. ಹಿಂದಿನ ಸೀಟಿನಲ್ಲಿ ಇಲಿ ಸಂಸಾರ.

ಮೊನ್ನೆ ಗುಜರಿಯವನು ಬಂದು ಬೆಲೆ ಹೇಳಿ ಹೋದ. ಅಮ್ಮ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ.

ಈಗ ನನ್ನ ಯೋಚನೆ ಹೀಗಿದೆ. ಮೊದಲು ಬಾಡಿಗೆ ಚೆಂದ ಪೇಂಟ್ ಮಾಡಿಸಿಬಿಟ್ಟರೆ ನನಗೂ ಹುಮ್ಮಸ್ಸು ಬರುತ್ತದೆ, ಆಮೇಲೆ ಇಂಜಿನ್ ನೋಡಿಕೊಳ್ಳೋಣ ಅಂತ. ಸರಿ ಅಲ್ವಾ?

ಫೋಟೊ ಹಾಕಿದ್ದೇನೆ. ನಾಲ್ಕನೇ ಫೋಟೊದಲ್ಲಿ ಎರಡು ತೂತಿರುವ, ತುದಿ ಬಗ್ಗಿದ ಒಂದು ಕಬ್ಬಿಣದ ತುಂಡಿದೆ. ಅದು ಎಲ್ಲಿಯದು ಅಂತ ಯಾರಿಗಾದರೂ ಗೊತ್ತಾದರೆ ಹೇಳಿ.

ಹುಬ್ಬಳ್ಳಿ_ಗ್ಯಾರೇಜ್ (ಜೂನ್ 8)

ಪೇಂಟ್ ಮಾತು ಆಮೇಲೆ. ಕಾರು ಚಿರೆಕಲ್ಲಿನ ಮೇಲೆ ನಿಂತಿದೆಯಲ್ಲ ಅಣ್ಣಾ? ಎರಡನೇ ಫೋಟೊ ನೋಡಿ ನನ್ನ ಚಹಾ ಗಂಟಲಲ್ಲೇ ನಿಂತಿತು. ಚಿರೆಕಲ್ಲು ಗೋಡೆಗೆ ಗಟ್ಟಿ. ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ, ಅದೂ ಮಳೆ ನೀರು ಕುಡಿದ ಮೇಲೆ, ಸದ್ದಿಲ್ಲದೆ ಸೀಳುತ್ತದೆ. ಹಾಲೋ ಬ್ಲಾಕ್ ಕೂಡ ಅಷ್ಟೇ. ನಾಲ್ಕು ಸರಿಯಾದ ಆಕ್ಸಲ್ ಸ್ಟ್ಯಾಂಡ್ ತಗೊಳ್ಳಿ. ಅಲ್ಲಿವರೆಗೆ ಆ ಕಾರಿನ ಕೆಳಗೆ ತಲೆ ಹಾಕಬೇಡಿ, ಬೆಕ್ಕನ್ನೂ ಬಿಡಬೇಡಿ. ನಮ್ಮಪ್ಪ ಮೂವತ್ತು ವರ್ಷ ಗ್ಯಾರೇಜ್ ನಡೆಸಿದವರು. ಜಾಕ್ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಹೋದ ಹುಡುಗನಿಗೆ ಅವತ್ತಿನ ಕೂಲಿ ಕೊಡುತ್ತಿರಲಿಲ್ಲ.

ಬಸವನಗುಡಿ_ಬಾನೆಟ್ (ಜೂನ್ 9)

ಒಂದೇ ಬಕೆಟ್! ನಮಸ್ಕಾರ ಸ್ವಾಮಿ ನಿಮಗೆ.

ಸರಿ, ತಮಾಷೆ ಸಾಕು. ಪದ್ಮಿನಿಯ ಬೋಲ್ಟುಗಳ ಬಗ್ಗೆ ಒಂದು ಮಾತು ತಿಳಿದಿರಿ. ಇದು ಮೂಲದಲ್ಲಿ ಇಟಲಿಯ ಫಿಯಟ್ 1100ಡಿ. ಫಿಯಟ್‌ನವರು 10 ಎಂಎಂ ಬೋಲ್ಟಿಗೆ ಬಹಳ ಕಡೆ 1.25 ಪಿಚ್ ಥ್ರೆಡ್ ಇಟ್ಟಿದ್ದಾರೆ (ಪಿಚ್ ಅಂದರೆ ಥ್ರೆಡ್ಡಿನ ಒಂದು ಸುತ್ತಿನಿಂದ ಇನ್ನೊಂದಕ್ಕೆ ಇರುವ ಅಂತರ, ಎಂಎಂನಲ್ಲಿ). ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ 10 ಎಂಎಂ ಕೇಳಿದರೆ ಕೊಡುವುದು 1.5 ಪಿಚ್‌ನದು. ಎರಡೂ ಕಣ್ಣಿಗೆ ಒಂದೇ. ಹಾಕಿದರೆ ಒಂದೆರಡು ಸುತ್ತು ಹೋಗಿ ಬಿಗಿಯುತ್ತದೆ. ತುಕ್ಕು ಇರಬೇಕು ಅಂತ ನಾವು ಬಲ ಹಾಕುತ್ತೇವೆ. ಅಲ್ಲಿಗೆ ಥ್ರೆಡ್ ಕಥೆ ಮುಗಿಯಿತು. ಹಾಗಾಗಿ ಆ ಬಕೆಟ್ ಎಸೆಯಬೇಡಿ. ಈಗ ಅದು ಚಿನ್ನ. ಒಂದು ಪಿಚ್ ಗೇಜ್ ತಂದು, ಇಡ್ಲಿ ತಟ್ಟೆಯ ಗುಳಿಗಳಲ್ಲಿ ವಿಂಗಡಿಸಿ. ನಮ್ಮನೆಯಲ್ಲಿ ಒಂದು ಹಳೇ ಇಡ್ಲಿ ಪಾತ್ರೆ ಹೀಗೇ ನನ್ನ ಪಾಲಿಗೆ ಬಂತು. ಹೇಗೆ ಬಂತು ಅಂತ ಕೇಳಬೇಡಿ.

ನಾಲ್ಕನೇ ಫೋಟೊದ್ದು ಹ್ಯಾಂಡ್‌ಬ್ರೇಕ್ ಕೇಬಲ್ಲಿನ ಕ್ಲಿಪ್ ಇರಬಹುದು.

ಲೇತ್_ಮನೆ, ಮೈಸೂರು (ಜೂನ್ 9)

ಹ್ಯಾಂಡ್‌ಬ್ರೇಕಿನದಲ್ಲ. ಆಕ್ಸಿಲರೇಟರ್ ಲಿಂಕೇಜಿನದು, ಅಂದರೆ ಪೆಡಲಿನಿಂದ ಕಾರ್ಬುರೇಟರಿಗೆ ಹೋಗುವ ಕಡ್ಡಿಗಳ ಜೋಡಣೆಯದು ಅನ್ನಿಸುತ್ತದೆ.

ತಮ್ಮಾ, ಪೇಂಟ್ ಮೊದಲು ಅನ್ನುವ ಯೋಚನೆ ಬಿಟ್ಟುಬಿಡು. ನಿವೃತ್ತಿ ಆದ ಮೇಲೆ ನಾನು ಇಂಥ ಐದಾರು ಕಾರು ನೋಡಿದ್ದೇನೆ. ಪೇಂಟ್ ಮೊದಲು ಮಾಡಿಸಿದ ಒಂದೂ ರಸ್ತೆಗೆ ಬರಲಿಲ್ಲ. ಹೊಳೆಯುವ ಬಾಡಿ ನಿಲ್ಲಿಸಿಕೊಂಡು, ಆಮೇಲೆ ಇಂಜಿನ್ ಕೂರಿಸುವಾಗ ಮಡ್‌ಗಾರ್ಡಿಗೆ ಒಂದು ಗೀರು ಬಿದ್ದರೆ ಮನಸ್ಸು ಮುರಿಯುತ್ತದೆ. ಕೆಲಸ ನಿಲ್ಲುತ್ತದೆ. ಮೊದಲು ತಗಡು, ಆಮೇಲೆ ಬ್ರೇಕು, ಸ್ಟೀರಿಂಗು. ಆಮೇಲೆ ಇಂಜಿನ್ನು, ವೈರಿಂಗು. ಪ್ರೈಮರ್ ಮೇಲೇ ಓಡಿಸು. ಬಣ್ಣ ಕಡೆಗೆ.

ಇಂಜಿನ್ ಜಾಮ್ ಅಂದೆಯಲ್ಲ. ಸ್ಪಾರ್ಕ್ ಪ್ಲಗ್ ನಾಲ್ಕೂ ತೆಗೆದು, ಪ್ರತಿ ತೂತಿಗೂ ಸ್ವಲ್ಪ ಡೀಸೆಲ್ ಜೊತೆ ಎಟಿಎಫ್ ಆಯಿಲ್ (ಆಟೊಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವ ಎಣ್ಣೆ) ಸೇರಿಸಿ ಬಿಡು. ಹದಿನೈದು ದಿನ ಮರೆತುಬಿಡು. ಆಮೇಲೆ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪಾನರ್ ಹಾಕಿ ಆ ಕಡೆ ಒಂದಿಷ್ಟು, ಈ ಕಡೆ ಒಂದಿಷ್ಟು ಅಲುಗಿಸು. ಉದ್ದ ಪೈಪ್ ಸಿಕ್ಕಿಸಿ ಜಗ್ಗಬೇಡ. ರಿಂಗ್ ಅಂಟಿಕೊಂಡಿದ್ದರೆ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಹೇಗೂ ಬಿಚ್ಚಲೇಬೇಕು.

ಹೆರಾಲ್ಡ್_ಪ್ರಿಯ (ಜೂನ್ 10)

ಇದಕ್ಕೇ ನಾನು ಸ್ಟ್ಯಾಂಡರ್ಡ್ ಹೆರಾಲ್ಡ್ ಸಾಕಿರುವುದು. ಅದಕ್ಕೆ ಬಾಡಿಯಿಂದ ಬೇರೆಯಾಗಿಯೇ ಚಾಸಿಸ್, ಅಂದರೆ ಭಾರ ಹೊರುವ ಕೆಳಗಿನ ಚೌಕಟ್ಟು ಇದೆ. ಬೋಲ್ಟ್ ಬಿಚ್ಚಿ, ನಾಲ್ಕು ಜನ ಸೇರಿ ಬಾಡಿ ಎತ್ತಿ ಪಕ್ಕಕ್ಕಿಟ್ಟರೆ ಆಯಿತು. ನೀವು ಫಿಯಟ್‌ನವರು ತುಕ್ಕು ಹಿಡಿದ ಡಬ್ಬ ಹಿಡಿದುಕೊಂಡು ಒದ್ದಾಡಿ.

ಹುಬ್ಬಳ್ಳಿ_ಗ್ಯಾರೇಜ್ (ಜೂನ್ 10)

ಹೆರಾಲ್ಡ್ ಸಾಹೇಬರೇ, ನಿಮ್ಮ ಗಾಡಿ ವರ್ಷದಲ್ಲಿ ಎಷ್ಟು ದಿನ ಓಡುತ್ತದೆ ಅಂತ ನಾನು ಕೇಳುವುದಿಲ್ಲ ಬಿಡ್ರಿ.

ಆದರೆ ಅವರ ಮಾತಲ್ಲಿ ಒಂದು ವಿಷಯ ಇದೆ. 1953ರಲ್ಲಿ ಫಿಯಟ್ ಈ 1100-103 ತಂದಾಗಲೇ ಬೇರೆ ಚಾಸಿಸ್ ಬಿಟ್ಟುಬಿಟ್ಟಿತು. ಬಾಡಿಯೇ ಚಾಸಿಸ್. ಸಿಲ್ಲು ಬರೀ ಅಲಂಕಾರ ಅಲ್ಲ, ಕಾರಿನ ಬೆನ್ನುಮೂಳೆ. ಅದನ್ನು ಹಾಗೇ ಕತ್ತರಿಸಿದರೆ ಕಾರು ನಡುವಲ್ಲಿ ಬಾಗುತ್ತದೆ. ಆಮೇಲೆ ಹೊಸ ಸಿಲ್ಲು ಬೆಸೆದರೆ ಆ ಬಾಗು ಅಲ್ಲೇ ಕಾಯಂ. ಬಾಗಿಲು ಜನ್ಮದಲ್ಲಿ ಕೂರುವುದಿಲ್ಲ.

ಅದಕ್ಕೆ ಹೀಗೆ ಮಾಡ್ರಿ. ಮೊದಲು ಕಾರನ್ನು ಸಮತಟ್ಟಾಗಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಸಸ್ಪೆನ್ಷನ್ ಕೂರುವ ಜಾಗದ ಹತ್ತಿರ ಆಧಾರ ಇರಲಿ. ಬಾಗಿಲು ಹಾಕಿ, ಸುತ್ತ ಇರುವ ಸಂದು ಎಷ್ಟಿದೆ ಅಂತ ಅಳೆದು ಬರೆದಿಡಿ. ಬಾಗಿಲು ತೆಗೆದು, ಬಾಗಿಲ ಚೌಕಟ್ಟಿನ ಒಳಗೆ ಅಡ್ಡಕ್ಕೊಂದು, ಮೂಲೆಯಿಂದ ಮೂಲೆಗೊಂದು ಚೌಕ ಪೈಪ್ ಬೆಸೆಯಿರಿ. ಆಮೇಲೆ ಸಿಲ್ಲು ಕತ್ತರಿಸಿ. ಒಂದು ಕಡೆ ಪೂರ್ತಿ ಮುಗಿಯದೆ ಇನ್ನೊಂದು ಕಡೆ ಮುಟ್ಟಬೇಡಿ. ನಡುನಡುವೆ ಬಾಗಿಲು ಇಟ್ಟು ನೋಡುತ್ತಿರಿ. 20 ಗೇಜಿನ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್ ಸಾಕು. ಇಲ್ಲೊಂದು ಚುಕ್ಕೆ, ಆ ತುದಿಗೊಂದು ಚುಕ್ಕೆ ಹಾಗೆ ಬೆಸೆಯಿರಿ. ಒಂದೇ ಕಡೆಯಿಂದ ಎಳೆದುಕೊಂಡು ಹೋದರೆ ಶೀಟು ಹೀರೆಕಾಯಿ ಸಿಪ್ಪೆಯ ಹಾಗೆ ಸುರುಟುತ್ತದೆ.

ಇನ್ನೊಂದು. ಚಾಸಿಸ್ ನಂಬರ್ ಪಂಚ್ ಆಗಿರುವ ತಗಡಿಗೆ ಮಾತ್ರ ಕೈ ಹಚ್ಚಬೇಡಿ. ಆರ್‌ಟಿಒದಲ್ಲಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ನಂಬರಿನ ಅಚ್ಚು, ಅಂದರೆ ಪೆನ್ಸಿಲ್ ಪ್ರಿಂಟ್, ತೆಗೆಯುವುದು ಅಲ್ಲೇ.

ಪೋರ್ಟಿಕೊ_ಪದ್ಮಿನಿ (ಜೂನ್ 29)

ಸ್ಟ್ಯಾಂಡ್ ಬಂತು. ಕಾರು ಕಲ್ಲಿನಿಂದ ಇಳಿಯಿತು. ಇಳಿಸುವಾಗ ಒಂದು ಕಲ್ಲು ಎರಡು ಹೋಳಾಯಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಕಲ್ಲಿನ ಪಕ್ಕದಲ್ಲೇ ನಾನು ಎಷ್ಟು ದಿನ ಅಂಗಾತ ಮಲಗಿದ್ದೆ.

ಬೋಲ್ಟು ವಿಂಗಡಿಸುವುದಕ್ಕೆ ನಾಲ್ಕು ಸಂಜೆ ಹಿಡಿಯಿತು. ಆದರೆ ತುಕ್ಕು ಹೇಗೆ ತೆಗೆಯುವುದು? ವೈರ್ ಬ್ರಶ್ಶಿನಿಂದ ಒಂದೊಂದೇ ತಿಕ್ಕಿದರೆ ಇನ್ನೊಂದು ಮಳೆಗಾಲ ಬೇಕು.

ಸ್ಪಾನರ್_ಅಕ್ಕ, ಮೈಸೂರು (ಜೂನ್ 29)

ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಸಿಗುತ್ತದೆ. ಒಂದು ಲೀಟರ್ ನೀರಿಗೆ 50 ಗ್ರಾಂ ಹಾಕಿ ಬೋಲ್ಟುಗಳನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ತೊಳೆದು, ಸ್ವಲ್ಪ ಅಡುಗೆ ಸೋಡಾ ಕಲಸಿದ ನೀರಲ್ಲಿ ಅದ್ದಿ, ತಕ್ಷಣ ಒಣಗಿಸಿ ಎಣ್ಣೆ ಹಚ್ಚಿ. ಒಂದು ಗಂಟೆ ಹಾಗೇ ಬಿಟ್ಟರೂ ಮತ್ತೆ ಕೆಂಪಾಗುತ್ತದೆ, ಅದೂ ನಿಮ್ಮ ಹವೆಯಲ್ಲಿ. ಸ್ಪ್ರಿಂಗ್‌ಗಳನ್ನು ಮಾತ್ರ ಹಾಕಬೇಡಿ. ಗಡಸು ಉಕ್ಕು ಆಮ್ಲದಲ್ಲಿ ನೆನೆದರೆ ಒಳಗೊಳಗೇ ಪೆಡಸಾಗಿ ಮುರಿಯುತ್ತದೆ.

ದೊಡ್ಡ ಭಾಗಗಳಿಗೆ ನಾನು ಮತ್ತು ಮಗಳು ಕರೆಂಟಿನ ದಾರಿ ಹಿಡಿದೆವು. ಪ್ಲಾಸ್ಟಿಕ್ ಡ್ರಮ್ಮು, ನೀರು, ಬಟ್ಟೆ ಒಗೆಯುವ ವಾಷಿಂಗ್ ಸೋಡಾ. 12 ವೋಲ್ಟ್ ಬ್ಯಾಟರಿ ಚಾರ್ಜರಿನ ಮೈನಸ್ ತುಕ್ಕಿನ ಭಾಗಕ್ಕೆ, ಪ್ಲಸ್ ಒಂದು ಗುಜರಿ ಕಬ್ಬಿಣದ ತುಂಡಿಗೆ. ಉಲ್ಟಾ ಕೊಟ್ಟರೆ ನಿಮ್ಮ ಭಾಗವೇ ಕರಗುತ್ತದೆ. ಪ್ಲಸ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಬೇಡವೇ ಬೇಡ, ಅದರಿಂದ ವಿಷದ ಕ್ರೋಮಿಯಂ ನೀರಿಗೆ ಬರುತ್ತದೆ. ಅಲ್ಯೂಮಿನಿಯಂ ಭಾಗವನ್ನೂ ಅದರಲ್ಲಿ ಇಳಿಸಬೇಡಿ. ಏಳುವ ಗುಳ್ಳೆ ಹೈಡ್ರೋಜನ್, ಹಾಗಾಗಿ ಕೆಲಸ ಬಯಲಲ್ಲಿ. ಹತ್ತಿರ ಬೀಡಿ ಗೀಡಿ ಬೇಡ. ಮಗಳು ಇದನ್ನೇ ಶಾಲೆಯ ವಿಜ್ಞಾನ ಮೇಳಕ್ಕೆ ಇಟ್ಟಿದ್ದಳು.

ಕಡಲತೀರ_ಕಾರು, ಮಂಗಳೂರು (ಜೂನ್ 30)

ಇಷ್ಟೆಲ್ಲ ಯಾಕೆ ಮಾರಾಯ್ರೇ. ನಾನು ಜೋನಿಬೆಲ್ಲದ ನೀರಲ್ಲಿ ಹಾಕಿದ್ದೆ. ತುಕ್ಕು ಹೋಯಿತೋ ಇಲ್ಲವೋ ಗೊತ್ತಾಗಲಿಲ್ಲ, ನೋಡುವುದಕ್ಕೆ ಇರುವೆ ಬಿಡಲಿಲ್ಲ.

ಪೋರ್ಟಿಕೊ_ಪದ್ಮಿನಿ (ಆಗಸ್ಟ್ 24)

ಎರಡು ತಿಂಗಳಿಂದ ನಾಪತ್ತೆ, ಕ್ಷಮಿಸಿ. ಮಳೆಯಲ್ಲಿ ವೋಲ್ಟೇಜ್ ಸಾಲದೆ ವೆಲ್ಡಿಂಗ್ ಮಷೀನ್ ಗೊಣಗುತ್ತಿತ್ತು. ಊರಿನ ಟಿಂಕರ್ ಒಬ್ಬರು ಭಾನುವಾರ ಭಾನುವಾರ ಬಂದು ಹೇಳಿಕೊಟ್ಟರು. ಎಡಗಡೆ ಸಿಲ್ಲು ಮುಗಿಯಿತು. ಬಾಗಿಲು ಹಾಕಿದೆ. ಬೀಗ ಕೂತ ಸದ್ದು ಕೇಳಿ ಒಳಗಿನಿಂದ ಅಮ್ಮ "ಯಾರು ಬಂದರು?" ಅಂದರು.

ನೆಲದ ತಗಡೂ ಅರ್ಧ ಆಗಿದೆ. ಹಳೇ ತಗಡಿನ ಮೇಲೇ ಹೊಸದು ಹೊದಿಸಿ ಬೆಸೆದರೆ ಸುಲಭ ಅಂತ ಒಬ್ಬರು ಹೇಳಿದರು. ಟಿಂಕರ್ ಒಪ್ಪಲಿಲ್ಲ. ಎರಡು ತಗಡಿನ ನಡುವೆ ನೀರು ನಿಂತರೆ ಮೂರೇ ವರ್ಷ ಅಂದರು. ಗಟ್ಟಿ ಲೋಹ ಕಾಣುವವರೆಗೆ ಕತ್ತರಿಸಿ ಬೆಸೆಯುತ್ತಿದ್ದೇವೆ.

ಈಗ ಬ್ರೇಕ್. ನಾಲ್ಕೂ ಚಕ್ರಕ್ಕೆ ಡ್ರಮ್ಮು. ಮುಂದೆ ಡಿಸ್ಕ್ ಹಾಕಿಸಲಾ? ಹೇಗೂ ಬಿಚ್ಚಿದ್ದೇನೆ. ಕೆಲವರು ಹೊಸ ಕಾರಿನ ಇಂಜಿನ್ನನ್ನೇ ಕೂರಿಸಿ, ಎಸಿ ಹಾಕು ಅನ್ನುತ್ತಾರೆ.

ಬಸವನಗುಡಿ_ಬಾನೆಟ್ (ಆಗಸ್ಟ್ 24)

ಹಾಗಾದರೆ ಹೊಸ ಕಾರನ್ನೇ ತಗೊಳ್ಳಿ! ಸ್ಟೀರಿಂಗ್ ಪಕ್ಕದ ಗೇರು, ಎಳೆಯುವ ಚೋಕು, 1089 ಸಿಸಿ ಇಂಜಿನ್ನಿನ ಆ ಸದ್ದು, ಇವೇ ಅಲ್ವಾ ಪದ್ಮಿನಿ? ಅದೆಲ್ಲ ತೆಗೆದ ಮೇಲೆ ಉಳಿಯುವುದು ಬೋರ್ಡು ಮಾತ್ರ.

ಸ್ಪಾನರ್_ಅಕ್ಕ (ಆಗಸ್ಟ್ 25)

ಬಾನೆಟ್ ಅವರು ಭಾವನೆಯಲ್ಲಿ ಹೇಳಿದರು, ನಾನು ಕಾಗದದಲ್ಲಿ ಹೇಳುತ್ತೇನೆ. ಇಂಜಿನ್ ಬದಲಿಸಿದರೆ ಆರ್‌ಸಿಯಲ್ಲಿ ಅದು ದಾಖಲಾಗಬೇಕು. ಅನುಮತಿ ಇಲ್ಲದೆ ಬೇರೆ ಇಂಜಿನ್ ಕೂರಿಸಿದ ಕಾರಿನ ವಿಮೆ ಅಪಘಾತ ಆದ ದಿನ ಕೈ ಕೊಡುತ್ತದೆ.

ಡ್ರಮ್ ಬ್ರೇಕ್ ಕೆಟ್ಟದ್ದೇನಲ್ಲ. 40 ಅಶ್ವಶಕ್ತಿಯ, ಸುಮಾರು 900 ಕೆಜಿಯ ಕಾರಿಗೆ ಚೆನ್ನಾಗಿ ಹೊಂದಿಸಿದ ಡ್ರಮ್ಮು ಸಾಕು. ಭಯ ಇರುವುದು ಬೇರೆ ಕಡೆ. ಹಳೇ ಮಾದರಿಯಲ್ಲಿ ಬ್ರೇಕ್ ಆಯಿಲ್‌ಗೆ ಒಂದೇ ದಾರಿ. ಒಂದು ಚಕ್ರದ ಹೋಸ್ ಒಡೆದರೆ ನಾಲ್ಕಕ್ಕೂ ಬ್ರೇಕ್ ಇಲ್ಲ. ಅದಕ್ಕೆ ರಬ್ಬರ್ ಅನ್ನುವುದು ಒಂದನ್ನೂ ಉಳಿಸಬೇಡಿ. ಹೋಸು, ವೀಲ್ ಸಿಲಿಂಡರ್ ಕಿಟ್ಟು, ಮಾಸ್ಟರ್ ಸಿಲಿಂಡರ್ ಕಿಟ್ಟು, ಎಲ್ಲ ಹೊಸದು. ಸಿಲಿಂಡರ್ ಒಳಗೆ ತುಕ್ಕಿನ ಗುಳಿ ಕಂಡರೆ ಕಿಟ್ ಹಾಕಿ ಪ್ರಯೋಜನವಿಲ್ಲ, ಸಿಲಿಂಡರನ್ನೇ ಬದಲಿಸಿ. ಡ್ರಮ್ಮಿನೊಳಗಿನ ಹಳೇ ಪುಡಿಗೆ ಗಾಳಿ ಹೊಡೆಯಬೇಡಿ, ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಮಾಡಿ ಒರೆಸಿ.

ಸುಮ್ನೆ_ಓದುಗ (ಆಗಸ್ಟ್ 25)

ಕಾಗದದ ಮಾತು ಬಂತಲ್ಲ, ಕೇಳಿಬಿಡುತ್ತೇನೆ. ವಿಂಟೇಜ್ ಅಂತ ನೋಂದಾಯಿಸಿದರೆ ಒಳ್ಳೆಯದಲ್ವಾ?

ಹುಬ್ಬಳ್ಳಿ_ಗ್ಯಾರೇಜ್ (ಆಗಸ್ಟ್ 26)

ಅವಸರ ಬೇಡ. 2021ರ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿಸ್, ಬಾಡಿ, ಇಂಜಿನ್ ತೀರಾ ಬದಲಾಗಿರಬಾರದು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ, ನಂಬರಿನ ನಡುವೆ ‘ವಿಎ’ ಅಂತ ಬರುತ್ತದೆ. ಕೇಳಲು ಚೆಂದ. ಆದರೆ ಆಮೇಲೆ ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸಲು, ಅಷ್ಟೇ. ತರಕಾರಿ ತರಲು ಹೋಗುವ ಹಾಗಿಲ್ಲ.

1978ರ ಕಾರಿಗೆ ಹೇಗೂ ಇನ್ನೂ 50 ಆಗಿಲ್ಲ. ಮಾಮೂಲಿ ಆರ್‌ಸಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿ. ಕೇಂದ್ರದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಇತ್ತು. 2025ರಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಹಸಿರು ತೆರಿಗೆ ಬೇರೆ. ತಡ ಮಾಡಿದಷ್ಟೂ ದಂಡ.

ಟೊರಿನೊ_ಕನ್ನಡಿಗ (ಆಗಸ್ಟ್ 28)

ಫಿಯಟ್ ಹುಟ್ಟಿದ ಊರು, ಇಟಲಿಯ ಟೊರಿನೊದಿಂದ ನಮಸ್ಕಾರ. ಮೂಲ ದಾವಣಗೆರೆ. ಇಲ್ಲಿ 1100ಡಿ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರು ಈಗಲೂ ಇದ್ದಾರೆ. ಬಾಗಿಲಿನ ರಬ್ಬರು, ಗಾಜಿನ ರಬ್ಬರು ಹೊಸದಾಗಿ ಮಾಡಿ ಮಾರುವ ಅಂಗಡಿಗಳಿವೆ. ಹೋದ ಸಲ ಊರಿಗೆ ಬರುವಾಗ ಗೆಳೆಯನ ಕಾರಿಗೆ ಒಂದು ಸೆಟ್ ತಂದಿದ್ದೆ, ಸರಿಯಾಗಿ ಕೂತಿತು. ಅಳತೆ ಕಳಿಸಿದರೆ ಡಿಸೆಂಬರ್‌ನಲ್ಲಿ ಬರುವಾಗ ತರುತ್ತೇನೆ. ಕಸ್ಟಮ್ಸ್‌ನವರಿಗೆ ಹಾವಿನ ಹಾಗೆ ಕಾಣುತ್ತದೆ, ಅದೊಂದು ಕಷ್ಟ.

ಇಂಜಿನ್ ಭಾಗಗಳಿಗೆ ಮಾತ್ರ ಇಲ್ಲಿ ಹುಡುಕಬೇಡಿ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಮುಂಬೈಯಲ್ಲಿ 2023ರ ಅಕ್ಟೋಬರ್‌ವರೆಗೆ ಪದ್ಮಿನಿ ಟ್ಯಾಕ್ಸಿಗಳು ಓಡಿದವಲ್ಲ, ಆ ಕಡೆ ಇನ್ನೂ ಸಿಗುತ್ತವೆ.

ಲೇತ್_ಮನೆ (ಆಗಸ್ಟ್ 28)

ಟೊರಿನೊ ಅಂದಾಗ ನೆನಪಾಯಿತು. ಪದ್ಮಿನಿ ಮಾಡಿದ ಪ್ರೀಮಿಯರ್ ಕಂಪನಿಯನ್ನು 1944ರಲ್ಲಿ ಕಟ್ಟಿದವರು ವಾಲ್‌ಚಂದ್ ಹೀರಾಚಂದ್. ನಮ್ಮ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದವರೂ ಅವರೇ. ಈ ದೇಶದಲ್ಲಿ ಮೋಟಾರು ಕಾರ್ಖಾನೆ ಬೇಕು ಅಂತ 1930ರ ದಶಕದಲ್ಲೇ ಯೋಜನೆ ಹಿಡಿದು ಓಡಾಡಿದವರು ನಮ್ಮ ವಿಶ್ವೇಶ್ವರಯ್ಯನವರು. ಬ್ರಿಟಿಷರು ಬೆಂಬಲ ಕೊಡಲಿಲ್ಲ. ಕೊಟ್ಟಿದ್ದರೆ ಈ ತಮ್ಮ ಇವತ್ತು ಬಿಚ್ಚಿಟ್ಟುಕೊಂಡು ಕೂತಿರುತ್ತಿದ್ದುದು ಮೈಸೂರಿನ ಕಾರನ್ನೋ ಏನೋ.

ಸರಿ, ಇಂಜಿನ್ ಏನಾಯಿತು?

ಪೋರ್ಟಿಕೊ_ಪದ್ಮಿನಿ (ನವೆಂಬರ್ 3)

ಇಂಜಿನ್ ಬಿಟ್ಟುಕೊಂಡಿತು! ಹದಿನೈದಲ್ಲ, ಇಪ್ಪತ್ತೆರಡು ದಿನಕ್ಕೆ. ಆದರೆ ಮೂರನೇ ಸಿಲಿಂಡರಿನ ಗೋಡೆಯಲ್ಲಿ ತುಕ್ಕಿನ ಗೆರೆ ಉಳಿದಿತ್ತು. ಬೋರ್ ಮಾಡಿಸಲೇಬೇಕಾಯಿತು, ಅಂದರೆ ಸಿಲಿಂಡರಿನ ಒಳಗೋಡೆ ಕೊರೆಸಿ ಸ್ವಲ್ಪ ಅಗಲ ಮಾಡಿಸಬೇಕಾಯಿತು.

ಇಲ್ಲೊಂದು ಕಥೆ ಆಯಿತು. ಬ್ಲಾಕನ್ನು ಪಕ್ಕದ ಊರಿನ ಒಂದು ವರ್ಕ್‌ಶಾಪಿಗೆ ಕೊಟ್ಟು ಬಂದೆ. ಪಿಸ್ಟನ್ ಆಮೇಲೆ ತರೋಣ ಅಂದರು. ಮೂಲ ಬೋರ್ 68 ಎಂಎಂ. ಅವರು ಒಂದು ಓವರ್‌ಸೈಜ್ ಅಂದಾಜಿಗೆ ಕೊರೆದಿಟ್ಟರು. ಬೆಂಗಳೂರಿನ ಜೆಸಿ ರೋಡಿನಿಂದ ಪಿಸ್ಟನ್ ತಂದು ಇಳಿಸಿದರೆ ಬಾವಿಯಲ್ಲಿ ಕೊಡಪಾನ ಬಿಟ್ಟ ಹಾಗೆ ಇಳಿಯಿತು. ಸಂದು ಜಾಸ್ತಿ. ಮತ್ತೆ ಮುಂದಿನ ಸೈಜಿಗೆ ಕೊರೆಯಬೇಕಾಯಿತು. ಎರಡು ಸಲ ದುಡ್ಡು, ಎರಡು ಸೆಟ್ ಪಿಸ್ಟನ್.

ಲೇತ್_ಮನೆ (ನವೆಂಬರ್ 3)

ಅಯ್ಯೋ, ನನಗೊಂದು ಮಾತು ಕೇಳಬಾರದಿತ್ತಾ? ಮೊದಲು ಪಿಸ್ಟನ್ ಕೈಗೆ ಬರಬೇಕು. ನಾಲ್ಕನ್ನೂ ಮೈಕ್ರೊಮೀಟರ್ ಹಿಡಿದು ಅಳೆಯಬೇಕು. ಯಾವ ಪಿಸ್ಟನ್ ಯಾವ ಬೋರಿಗೆ ಅಂತ ಗುರುತು ಹಾಕಿ, ಅದಕ್ಕೆ ತಕ್ಕಂತೆ ಕೊರೆದು ಹೋನ್ ಮಾಡಬೇಕು, ಅಂದರೆ ಒಳಗೋಡೆ ಉಜ್ಜಿ ನಯ ಮಾಡಬೇಕು. ಕಾಲಿನ ಅಳತೆ ಕೊಡದೆ ಯಾರಾದರೂ ಚಪ್ಪಲಿ ಹೊಲಿಸುತ್ತಾರಾ?

ಸಿಲಿಂಡರುಗಳ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ಡು ಅಲ್ಯೂಮಿನಿಯಂ, ಬ್ಲಾಕು ಎರಕದ ಕಬ್ಬಿಣ. ಎರಡೂ ಒಂದೇ ಸಮ ಹಿಗ್ಗುವುದಿಲ್ಲ. ಕಾದರೆ ಮೊದಲು ಹೆಡ್ಡು ಡೊಂಕಾಗುತ್ತದೆ. ಅದನ್ನು ಸಪಾಟು ಪ್ಲೇಟಿನ ಮೇಲಿಟ್ಟು ನೋಡಿಸು. ಬೋಲ್ಟು ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ, ಟಾರ್ಕ್ ರೆಂಚಿನಲ್ಲೇ ಬಿಗಿ. ಇನ್ನು ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಬೇಡ, ಕೂಲೆಂಟ್ ಹಾಕು. ಹಿಂದಿನವರು ನಲ್ಲಿ ನೀರು ಹಾಕಿಯೇ ಈ ಹೆಡ್ಡುಗಳನ್ನು ತಿನ್ನಿಸಿದ್ದು.

ಕಡಲತೀರ_ಕಾರು (ನವೆಂಬರ್ 4)

ಪೆಟ್ರೋಲಿನ ವಿಷಯ ಯಾರೂ ಹೇಳಲಿಲ್ಲವಲ್ಲ. ಈಗ ಬಂಕಲ್ಲಿ ಸಿಗುವುದು ಇ20. ಐದು ಲೀಟರಲ್ಲಿ ಒಂದು ಲೀಟರ್ ಎಥನಾಲ್. ನನ್ನ ಕಾರಿನ ಹಳೇ ಫ್ಯೂಯಲ್ ಪಂಪಿನ ಡಯಾಫ್ರಾಂ ಆರು ತಿಂಗಳಲ್ಲಿ ನೆನೆದ ಅಪ್ಪಿಯ ಹಾಗೆ ಮೆತ್ತಗಾಯಿತು. ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು, ಕೆಳಗೇ ಬಿಸಿ ಇಂಜಿನ್. ದೇವರು ದೊಡ್ಡವನು.

ಪೈಪ್ ತಗೊಳ್ಳುವಾಗ ಅದರ ಮೇಲೆ ‘ಜೆ30 ಆರ್9’ ಅಂತ ಅಚ್ಚು ಇದೆಯಾ ನೋಡಿ. ಅದು ಎಥನಾಲ್ ತಡೆಯುತ್ತದೆ. ಪಂಪಿನ ಕಿಟ್ಟೂ ಎಥನಾಲ್ ತಡೆಯುವುದೇ ಇರಲಿ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ನಿಮ್ಮ ಊರಲ್ಲಿ ಕೇಳಬೇಕಾ? ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರ್ ಖಾಲಿ ಮಾಡಿ ನಿಲ್ಲಿಸಿ. ಗಾಳಿ-ಪೆಟ್ರೋಲ್ ಮಿಶ್ರಣವೂ ತೆಳುವಾಗುತ್ತದೆ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಸಿ ನೋಡಿ.

ಹುಬ್ಬಳ್ಳಿ_ಗ್ಯಾರೇಜ್ (ನವೆಂಬರ್ 4)

ಪೆಟ್ರೋಲ್ ಟ್ಯಾಂಕಿಗೆ ತೂತು ಬಿದ್ದಿದ್ದರೆ ಮನೆಯಲ್ಲಿ ಬೆಸೆಯಲು ಹೋಗಬೇಡ್ರಿ. ಖಾಲಿ ಟ್ಯಾಂಕೇ ತುಂಬಿದ್ದಕ್ಕಿಂತ ಅಪಾಯ, ಒಳಗೆ ಪೂರ್ತಿ ಆವಿ. ಇದರಲ್ಲಿ ಮಾತ್ರ ಚರ್ಚೆ ಇಲ್ಲ.

ಪೋರ್ಟಿಕೊ_ಪದ್ಮಿನಿ (ಜನವರಿ 18)

ಟೊರಿನೊ ಅಣ್ಣ ತಂದ ರಬ್ಬರ್ ಬಂತು, ತುಂಬಾ ಥ್ಯಾಂಕ್ಸ್. ಇಂಜಿನ್ ಕೂತಿತು. ಕಿಂಗ್‌ಪಿನ್ (ಮುಂದಿನ ಚಕ್ರ ಆ ಕಡೆ ಈ ಕಡೆ ತಿರುಗುವ ಗೂಟ) ಬುಷ್ ಹೊಸದು, ಗ್ರೀಸ್ ಗನ್ ಹೊಡೆದು ಹೊಡೆದು ಕೈ ನೋವು. ಬಾಡಿಗೆ ಬೂದು ಪ್ರೈಮರ್ ಮಾತ್ರ.

ಸಮಸ್ಯೆ: ಹೊಸ ವೈರಿಂಗ್ ಹಾಕಿದ್ದೇನೆ, ಬ್ಯಾಟರಿ ಹೊಸದು. ಆದರೆ ಹೆಡ್‌ಲೈಟು ಚಿಮಣಿ ದೀಪದ ಹಾಗೆ. ಬಲಗಡೆ ಇಂಡಿಕೇಟರ್ ಹಾಕಿದರೆ ಹಿಂದಿನ ದೀಪಗಳೆಲ್ಲ ಒಟ್ಟಿಗೆ ಕಣ್ಣು ಹೊಡೆಯುತ್ತವೆ. ಸೆಲ್ಫ್ ಹೊಡೆದರೆ ಟಕ್ ಅನ್ನುತ್ತದೆ, ತಿರುಗುವುದಿಲ್ಲ. ಎರಡು ದಿನ ವೈರಿಂಗ್ ಪೂರ್ತಿ ಬಿಚ್ಚಿ ಹುಡುಕಿದೆ.

ಸ್ಪಾನರ್_ಅಕ್ಕ (ಜನವರಿ 18)

ಪ್ರೈಮರ್ ಎಲ್ಲ ಕಡೆ ಹೊಡೆದಿರಿ ಅಲ್ವಾ? ಅರ್ತ್ ಬೋಲ್ಟು ಕೂರುವ ಜಾಗಕ್ಕೂ?

ಈ ಕಾರಿನಲ್ಲಿ ಕರೆಂಟು ವಾಪಸ್ ಬರುವುದು ಬಾಡಿಯ ಮೂಲಕ. ಬಣ್ಣ ಅದಕ್ಕೆ ಗೋಡೆ. ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನೊಳಗೆ ನುಗ್ಗಿ ವಾಪಸ್ ಹೋಗುತ್ತದೆ, ಅದಕ್ಕೇ ದೀಪಗಳ ಕುಣಿತ. ಪ್ರತಿ ಅರ್ತ್ ಜಾಗದಲ್ಲೂ ರೂಪಾಯಿ ಅಗಲ ತಗಡು ಹೊಳೆಯುವವರೆಗೆ ಕೆರೆದು, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿದೆ, ಅದರಿಂದ ಬಾಡಿಗೆ ಒಂದು ದಪ್ಪ ಪಟ್ಟಿ ಇರಬೇಕು. ಅದನ್ನು ಹಾಕಿದಿರಾ?

ಪೋರ್ಟಿಕೊ_ಪದ್ಮಿನಿ (ಜನವರಿ 18)

ಆ ಪಟ್ಟಿ ಏಳನೇ ಡಬ್ಬದಲ್ಲಿತ್ತು. "ಹಳೇ ಬೆಲ್ಟ್" ಅಂತ ಚೀಟಿ ಅಂಟಿಸಿದ್ದೆ.

ಪೋರ್ಟಿಕೊ_ಪದ್ಮಿನಿ (ಜನವರಿ 19)

ಸ್ಟಾರ್ಟ್ ಆಯಿತು.

ಮೊದಲು ಪ್ಲಗ್ ತೆಗೆದು, ಆಯಿಲ್ ಪ್ರೆಷರ್ ದೀಪ ಆರುವವರೆಗೆ ಬರೀ ತಿರುಗಿಸಿದೆ. ಆಮೇಲೆ ಪ್ಲಗ್ ಹಾಕಿ, ಚೋಕ್ ಎಳೆದು ಸೆಲ್ಫ್ ಹೊಡೆದೆ. ಕಾರ್ಬುರೇಟರಿನಿಂದ ಢಂ ಅಂತ ಸೀನಿತು. ಪಕ್ಕದ ಮನೆಯ ನಾಯಿ ಇನ್ನೂ ವಾಪಸ್ ಬಂದಿಲ್ಲ. ಡಿಸ್ಟ್ರಿಬ್ಯೂಟರ್ ಕ್ಯಾಪಿನ ವೈರನ್ನು 1-2-3-4 ಅಂತ ಸಾಲಾಗಿ ಹಾಕಿದ್ದೆ. ಇದರ ಕ್ರಮ 1-3-4-2. ಬದಲಿಸಿ ಹೊಡೆದ ತಕ್ಷಣ ಹಿಡಿಯಿತು. ಹೊಗೆ ಪೋರ್ಟಿಕೊ ತುಂಬಿತು. ಅಮ್ಮ ಬಾಗಿಲಲ್ಲಿ ನಿಂತು ಕೆಮ್ಮುತ್ತಾ ನಗುತ್ತಿದ್ದರು.

ಬಸವನಗುಡಿ_ಬಾನೆಟ್ (ಜನವರಿ 19)

ವಿಡಿಯೊ ಹಾಕಿ! ಸದ್ದು ಕೇಳಬೇಕು!

ಹೆರಾಲ್ಡ್_ಪ್ರಿಯ (ಜನವರಿ 20)

ಒಪ್ಪಿದೆ. ಶಹಬ್ಬಾಸ್. ನನ್ನದು ಈ ವರ್ಷ ಎರಡು ದಿನ ಓಡಿದೆ, ಕೇಳಿದ್ದರಲ್ಲ.

ಪೋರ್ಟಿಕೊ_ಪದ್ಮಿನಿ (ಮಾರ್ಚ್ 15)

ಆರ್‌ಸಿ ನವೀಕರಣ ಆಯಿತು. ಪೆನ್ಸಿಲ್ ಪ್ರಿಂಟ್ ತೆಗೆದರು, ಬ್ರೇಕ್ ನೋಡಿದರು, "ಬಣ್ಣ ಯಾವಾಗ?" ಅಂತ ನಕ್ಕರು. ಆರ್‌ಸಿಯಲ್ಲಿರುವ ಬಣ್ಣವನ್ನೇ ಹೊಡೆಸುತ್ತೇನೆ ಅಂದೆ.

ನಿನ್ನೆ ಜೋಗಕ್ಕೆ ಹೋಗಿ ಬಂದೆವು, ಅಮ್ಮ ಮುಂದಿನ ಸೀಟಲ್ಲಿ. ಹೋಗುವಾಗ ತೊಂದರೆ ಇಲ್ಲ. ವಾಪಸ್ ಬರುವಾಗ ಮಧ್ಯಾಹ್ನ ಎರಡು ಗಂಟೆ ಬಿಸಿಲಲ್ಲಿ ತಾಳಗುಪ್ಪ ಸಿಗುವ ಮೊದಲೇ ಕೆಮ್ಮಿ ನಿಂತಿತು. ಬಾನೆಟ್ ಎತ್ತಿದೆ. ಪೆಟ್ರೋಲ್ ಇದೆ, ಸ್ಪಾರ್ಕ್ ಇದೆ. ನನಗೆ ಗೊತ್ತಾಗಲಿಲ್ಲ. ಅಮ್ಮ ನೀರಿನ ಬಾಟಲಿಯಲ್ಲಿ ಕರ್ಚೀಫ್ ನೆನೆಸಿ ಕೊಟ್ಟು, "ನಿಮ್ಮಪ್ಪ ಇದನ್ನು ಆ ಪಂಪಿನ ಮೇಲೆ ಹಾಕುತ್ತಿದ್ದರು" ಅಂದರು. ಹತ್ತು ನಿಮಿಷಕ್ಕೆ ಸ್ಟಾರ್ಟ್.

ಹುಬ್ಬಳ್ಳಿ_ಗ್ಯಾರೇಜ್ (ಮಾರ್ಚ್ 15)

ಪಂಪಿನೊಳಗೆ ಪೆಟ್ರೋಲ್ ಆವಿಯಾಗಿಬಿಡುತ್ತದೆ. ಪಂಪು ಆವಿಯನ್ನು ತಳ್ಳಲಾರದು. ಪೈಪನ್ನು ಸೈಲೆನ್ಸರ್ ಮ್ಯಾನಿಫೋಲ್ಡಿನಿಂದ ದೂರ ಸರಿಸಿ ಕಟ್ಟಿ. ಆದರೆ ಆ ಕರ್ಚೀಫು ಕಾರಲ್ಲೇ ಇರಲಿ. ಪೇಂಟ್ ಯಾವಾಗ?

ಪೋರ್ಟಿಕೊ_ಪದ್ಮಿನಿ (ಮಾರ್ಚ್ 16)

ಪ್ರೈಮರ್ ತೇವ ಕುಡಿಯುತ್ತದೆ, ಹಾಗಾಗಿ ಮಳೆಗೆ ಮುಂಚೆ ಆಗಲೇಬೇಕು. ಮನೆಯಲ್ಲಿ ಹೊಡೆಯುವುದಿಲ್ಲ. ಟೂ-ಕೆ ಪೇಂಟಿನ (ಗಟ್ಟಿಯಾಗಿಸುವ ದ್ರವ ಬೆರೆಸಿ ಹೊಡೆಯುವ ಬಣ್ಣ) ಗಾಳಿಗೆ ಮಾಮೂಲಿ ಮಾಸ್ಕ್ ಸಾಲದು ಅಂತ ಓದಿದೆ. ಬೂತ್ ಇರುವ ಕಡೆ ಕೊಡುತ್ತೇನೆ. ಉಜ್ಜುವುದು ಮಾತ್ರ ನಾನೇ, ನೀರು ಹಾಕಿಕೊಂಡು.

ಆಮೇಲೆ ನಾಲ್ಕನೇ ಫೋಟೊದ ತುಂಡು. ಕಾರು ಪೂರ್ತಿ ಜೋಡಿಸಿದೆ, ಅದು ಎಲ್ಲೂ ಕೂರಲಿಲ್ಲ. ಹ್ಯಾಂಡ್‌ಬ್ರೇಕಿನದಲ್ಲ, ಲಿಂಕೇಜಿನದೂ ಅಲ್ಲ. ಇವತ್ತು ಬೆಳಿಗ್ಗೆ ಟೇಬಲ್ ಮೇಲಿತ್ತು. ಅಮ್ಮ ನೋಡಿ, "ಅಯ್ಯೋ, ಇದು ನನ್ನ ಹೊಲಿಗೆ ಮಷೀನಿನ ಪೆಡಲ್‌ದಲ್ವಾ, ಎರಡು ವರ್ಷದಿಂದ ಹುಡುಕುತ್ತಿದ್ದೇನೆ" ಅಂದರು.

ಲೇತ್_ಮನೆ (ಮಾರ್ಚ್ 16)

ಲಿಂಕೇಜಿನದು ಅಂತ ನಾನು ಹೇಳಿದ್ದು ತಪ್ಪೇನಲ್ಲ. ಅದೂ ಲಿಂಕೇಜೇ. ಹಾಕುವ ಮುಂಚೆ ಒಂದು ತೊಟ್ಟು ಎಣ್ಣೆ ಬಿಡು.